ಇಂದಿನ ಧಮ್ಮ ಚಿಂತನೆ: ಅಂಗಡಿ ಮುಂದಿನ ಡಬ್ಬಿ

 



ದೀಪಾವಳಿ ಹತ್ತಿರ ಬಂದಿದೆ. ಅರಸೀಕೆರೆಯ ಬಟ್ಟೆ ಅಂಗಡಿ, ಕಿರಾಣಿ ಅಂಗಡಿಗಳ ಮುಂದೆ ಜನ ಸೇರುವ ದಿನಗಳು ಇವು. ನಮ್ಮ ಅಧ್ಯಯನ ಬಳಗದ ಕೆಲವರು ಈ ವಾರ ಸಂಜೆ ಎರಡು ತಾಸು ಅಂಗಡಿಗಳ ಮುಂದೆ ಡಬ್ಬಿ ಹಿಡಿದು ನಿಲ್ಲಲಿದ್ದಾರೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಲೆನಾಡಿನ ಕಾಫಿ ತೋಟಕ್ಕೋ, ಕಬ್ಬು ಕಡಿಯಲಿಕ್ಕೋ ಗುಳೆ ಹೋದರೆ ಮನೆ ಕಾಯುತ್ತ ಉಳಿಯುವವರು ಮುದುಕರು. ಅವರಿಗೆ ಚಳಿಗಾಲಕ್ಕೆ ಮುಂಚೆ ಒಂದೊಂದು ಕಂಬಳಿ, ಒಂದಿಷ್ಟು ದಿನಸಿ ಮುಟ್ಟಿಸಬೇಕು ಎಂಬುದು ಉದ್ದೇಶ.

ಈ ವಿಷಯ ಬಳಗದಲ್ಲಿ ಬಂದಾಗ ಹಿರಿಯರೊಬ್ಬರು ಕೇಳಿದ ಮಾತು ಇಂದಿನ ಚಿಂತನೆಗೆ ಕಾರಣ. "ನಮ್ಮಪ್ಪ, ನಮ್ಮಜ್ಜ ಹಬ್ಬದ ದಿನ ಊರೊಳಗಿನ ಮನಿ ಮುಂದೆ ದೂರ ನಿಂತು ಅನ್ನ ಇಸ್ಕಂಡು ತಿಂದಿದ್ದು ಸಾಲ್ದೇನಪ್ಪಾ? ಈಗ ಓದಿದ ಹುಡುಗ್ರನ್ನ ಮತ್ತೆ ಅಂಗಡಿ ಮುಂದೆ ನಿಲ್ಲಿಸ್ತೀರಾ?"

ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಅದರೊಳಗೆ ತಲೆಮಾರುಗಳ ನೋವಿದೆ. 1927ರ ಮಾರ್ಚ್‌ನಲ್ಲಿ ಮಹಾಡ್ ಪರಿಷತ್ತಿನಲ್ಲಿ ಬಾಬಾಸಾಹೇಬರು ಕೆರೆಯ ನೀರಿನ ಹಕ್ಕಿನ ಜೊತೆಗೆ ಇನ್ನೊಂದನ್ನೂ ಒತ್ತಿ ಹೇಳಿದರು: ಸತ್ತ ದನದ ಮಾಂಸ ಬಿಡಿ, ಎಂಜಲು ತಿನ್ನುವುದನ್ನು ಬಿಡಿ, ಸ್ವಾಭಿಮಾನದಿಂದ ಬದುಕಿ. ಆ ಮಾತು ಕೇಳಿ ಎಷ್ಟೋ ಮನೆಗಳು ಹೊಸ್ತಿಲ ಮುಂದೆ ನಿಲ್ಲುವುದನ್ನು ಬಿಟ್ಟವು. ಹಾಗಿದ್ದರೆ ನಮ್ಮ ಕೈಯ ಡಬ್ಬಿ ಏನು? ಬಿಟ್ಟುಬಂದ ದಾರಿಗೆ ಮತ್ತೆ ಹೊರಳುವುದೋ?

ಇದೇ ಬಗೆಯ ಪ್ರಶ್ನೆ ಬುದ್ಧರಿಗೂ ಎದುರಾಯಿತು. ಬೋಧಿ ಪಡೆದ ಮೇಲೆ ಮೊದಲ ಸಲ ಕಪಿಲವಸ್ತುವಿಗೆ ಬಂದಾಗ ಅವರು ಪಾತ್ರೆ ಹಿಡಿದು ಬೀದಿಯಲ್ಲಿ ಪಿಂಡಪಾತಕ್ಕೆ ಹೊರಟರು. ಸುದ್ದಿ ತಿಳಿದು ತಂದೆ ಶುದ್ಧೋದನ ಓಡಿ ಬಂದ. ನಮ್ಮ ವಂಶದಲ್ಲಿ ಯಾರೂ ಬೇಡಿದವರಿಲ್ಲ, ನನಗೇಕೆ ಈ ಅವಮಾನ ಎಂದು ಕೇಳಿದ. ಅದು ನಿಮ್ಮ ವಂಶ. ನನ್ನದು ಬುದ್ಧರ ವಂಶ, ಅಲ್ಲಿ ಇದೇ ನಡೆ ಎಂಬುದು ಬುದ್ಧರ ಉತ್ತರದ ಸಾರ. ಭಿಕ್ಖು ಸಾಲಾಗಿ ಮನೆ ಮನೆಗೆ ಹೋಗುತ್ತಾನೆ. ಬಡವರ ಮನೆ ಎಂದು ಬಿಡುವುದಿಲ್ಲ, ಸಿರಿವಂತರ ಮನೆ ಎಂದು ಹುಡುಕಿಕೊಂಡು ಹೋಗುವುದಿಲ್ಲ. ಸುಮ್ಮನೆ ನಿಲ್ಲುತ್ತಾನೆ. ಕೊಟ್ಟರೂ ಮುಂದೆ ಹೋಗುತ್ತಾನೆ, ಕೊಡದಿದ್ದರೂ ಮುಂದೆ ಹೋಗುತ್ತಾನೆ.

ವ್ಯತ್ಯಾಸ ಇಲ್ಲಿದೆ. ನಮ್ಮ ಅಜ್ಜಂದಿರನ್ನು ಹೊಸ್ತಿಲಾಚೆ ನಿಲ್ಲಿಸಿದ್ದು ಜಾತಿ. ಅವರಿಗೆ ನಿಲ್ಲದೆ ಇರುವ ಸ್ವಾತಂತ್ರ್ಯ ಇರಲಿಲ್ಲ. ಆ ನಿಲುವು ಮೇಲು ಕೀಳನ್ನು ದಿನವೂ ಗಟ್ಟಿ ಮಾಡುತ್ತಿತ್ತು. ಬುದ್ಧರ ಪಾತ್ರೆ ಆ ಮೇಲು ಕೀಳನ್ನೇ ಕರಗಿಸಿತು. ಯಾರ ಮನೆಯ ಅನ್ನವಾದರೂ ಒಂದೇ ಪಾತ್ರೆಗೆ ಬಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಒಬ್ಬ ನಿಂತಿದ್ದಾನೆ, ಒಬ್ಬ ಕೊಡುತ್ತಿದ್ದಾನೆ. ಒಳಗೆ ಮಾತ್ರ ಅಜಗಜಾಂತರ.

ನಮ್ಮ ಸೀಮೆಗೂ ಇದು ಹೊಸದಲ್ಲ. ಮೈಲಾರದ ಗೊರವಯ್ಯ ಮನೆ ಮುಂದೆ ಬಂದರೆ ಅವನನ್ನು ಯಾರೂ ಭಿಕ್ಷುಕ ಎಂದು ಕರೆಯುವುದಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಊರೂರು ಜೋಳಿಗೆ ಹಿಡಿದು ತಿರುಗಿದರು. ಹಣ ಬೇಡ, ನಿಮ್ಮ ಕುಡಿತ, ತಂಬಾಕಿನ ಚಟ ಹಾಕಿ ಎಂದು ಕೇಳಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಹಬ್ಬದ ಖರೀದಿಯ ದಿನಗಳಲ್ಲಿ ಬೀದಿಯಲ್ಲಿ ಪಾತ್ರೆ ಇಟ್ಟು ಕೇಳುವ ಪದ್ಧತಿ ಹೊರದೇಶಗಳಲ್ಲೂ ಇದೆ. 1891ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾಲ್ವೇಷನ್ ಆರ್ಮಿಯವರು ಬಡವರ ಕ್ರಿಸ್ಮಸ್ ಊಟಕ್ಕೆಂದು ಹೀಗೆ ಒಂದು ಪಾತ್ರೆ ಇಟ್ಟರು. ಇವತ್ತಿಗೂ ಅಲ್ಲಿ ಸ್ವಯಂಸೇವಕರು ಅಂಗಡಿಗಳ ಮುಂದೆ ಗಂಟೆ ಬಾರಿಸುತ್ತ ನಿಲ್ಲುತ್ತಾರೆ.

ಆದರೆ ಡಬ್ಬಿ ಹಿಡಿದವರ ಮನಸ್ಸು ಹೇಗಿರಬೇಕು? ಇದಕ್ಕೆ ಧಮ್ಮಪದದ 122ನೆಯ ಗಾಥೆಗೆ ಅಟ್ಟಕಥೆಯಲ್ಲಿ ಬರುವ ಪ್ರಸಂಗ ಕೇಳಬೇಕು.

ಶ್ರಾವಸ್ತಿಯಲ್ಲಿ ಒಬ್ಬ ಉಪಾಸಕ ಬುದ್ಧರ ಉಪದೇಶ ಕೇಳಿದ. ತಾನು ಕೊಟ್ಟು ಇತರರನ್ನು ಕರೆಯದವನಿಗೆ ಸಂಪತ್ತು ಸಿಕ್ಕೀತು, ಜೊತೆಗಾರರು ಸಿಗುವುದಿಲ್ಲ. ತಾನು ಕೊಡದೆ ಇತರರಿಗೆ ಹೇಳುವವನಿಗೆ ಜೊತೆಗಾರರು ಸಿಕ್ಕಾರು, ಸಂಪತ್ತಿಲ್ಲ. ತಾನೂ ಕೊಟ್ಟು ಇತರರನ್ನೂ ಕರೆಯುವವನಿಗೆ ಎರಡೂ. ಇದನ್ನು ಕೇಳಿದ ಉಪಾಸಕ ಇಡೀ ಊರಿನ ಪರವಾಗಿ ಸಂಘಕ್ಕೆ ಊಟ ಕೊಡಿಸಲು ಮುಂದಾಗಿ, ಅಂಗಡಿ ಅಂಗಡಿಗೆ ಹೋಗಿ ದವಸ ಕೇಳತೊಡಗಿದ. ಒಬ್ಬ ಸಿರಿವಂತ ಶೆಟ್ಟಿಗೆ ಸಿಟ್ಟು ಬಂತು. ತನ್ನ ಕೈಲಾದಷ್ಟು ಜನರಿಗೆ ಉಣ್ಣಿಸುವುದು ಬಿಟ್ಟು ಊರನ್ನೆಲ್ಲ ಕಾಡುತ್ತಾನಲ್ಲ ಎಂದುಕೊಂಡು ಮೂರು ಬೆರಳಲ್ಲಿ ಚಿಟಿಕೆ ಅಕ್ಕಿ, ಚಿಟಿಕೆ ಹೆಸರುಕಾಳು, ತೊಟ್ಟು ತುಪ್ಪ ಕೊಟ್ಟ. ಜನ ಅವನಿಗೆ ಬೆಕ್ಕಿನ ಕಾಲಿನವ, ಬಿಳಾಲಪಾದಕ, ಎಂದು ಹೆಸರಿಟ್ಟರು.

ಉಪಾಸಕ ಆ ಚಿಟಿಕೆಯನ್ನು ಬೇರೆಯಾಗಿ ಇಟ್ಟುಕೊಂಡ. ಶೆಟ್ಟಿಗೆ ಅನುಮಾನ: ನಾಳೆ ಎಲ್ಲರ ಮುಂದೆ ನನ್ನ ಮಾನ ಕಳೆಯುತ್ತಾನೋ? ಆಳನ್ನು ಕಳಿಸಿ ನೋಡಿಸಿದ. ಉಪಾಸಕ ಶೆಟ್ಟಿಗೆ ಒಳ್ಳೆಯದಾಗಲಿ ಎನ್ನುತ್ತ, ಅವನು ಕೊಟ್ಟ ಕಾಳನ್ನು ಒಂದೊಂದು ಪಾತ್ರೆಗೂ ಒಂದೆರಡರಂತೆ ಹಾಕುತ್ತಿದ್ದ. ಆದರೂ ಶೆಟ್ಟಿಗೆ ನಂಬಿಕೆ ಬರಲಿಲ್ಲ. ಮರುದಿನ, ಇವನು ನನ್ನ ಹೆಸರೆತ್ತಿದರೆ ಮುಗಿಸಿಬಿಡುತ್ತೇನೆ ಎಂದು ಬಟ್ಟೆಯೊಳಗೆ ಚೂರಿ ಇಟ್ಟುಕೊಂಡು ಬಂದ. ಉಪಾಸಕ ಬುದ್ಧರಿಗೆ ಹೇಳಿದ್ದು ಇಷ್ಟೇ: ಎಲ್ಲರೂ ತಮ್ಮ ಶಕ್ತಿಗೆ ತಕ್ಕಂತೆ ಕೊಟ್ಟಿದ್ದಾರೆ, ಎಲ್ಲರಿಗೂ ಸಮನಾದ ಫಲ ಸಿಗಲಿ. ಶೆಟ್ಟಿ ಕುಸಿದು ಅವನ ಕಾಲಿಗೆ ಬಿದ್ದ.

ಬಂಧುಗಳೇ, ಶೆಟ್ಟಿಯನ್ನು ಬದಲಿಸಿದ್ದು ಉಪಾಸಕ ಅವನ ದಾನವನ್ನು ಅಳೆಯದೆ ಇದ್ದದ್ದು. ಡಬ್ಬಿ ಹಿಡಿದವರಿಗೆ ಇದೇ ಮೊದಲ ಪಾಠ. ನೂರರ ನೋಟು ಹಾಕಿದ ಅಣ್ಣನಿಗೆ ಎಷ್ಟು ನಗು ಮುಖವೋ, ಎರಡು ರೂಪಾಯಿ ಹಾಕಿದ ಅಜ್ಜಿಗೂ ಅಷ್ಟೇ. ಮುಖ ತಿರುಗಿಸಿಕೊಂಡು ಹೋದವರಿಗೂ ಅಷ್ಟೇ. ಅವರ ಮನೆಯಲ್ಲಿ ಏನು ಕಷ್ಟವಿದೆಯೋ ನಮಗೆ ಗೊತ್ತಿಲ್ಲ.

ತೈವಾನಿನಲ್ಲಿ 1966ರಲ್ಲಿ ಭಿಕ್ಖುಣಿ ಚೆಂಗ್ ಯೆನ್ ಅವರು 30 ಗೃಹಿಣಿಯರಿಗೆ ಬಿದಿರಿನ ಕೊಳವೆ ಕೊಟ್ಟು, ಸಂತೆಗೆ ಹೊರಡುವ ಮುಂಚೆ ದಿನವೂ ಅರ್ಧ ಡಾಲರ್ ಹಾಕಿ ಎಂದರು. ತಿಂಗಳಿಗೊಮ್ಮೆ ಒಟ್ಟಿಗೇ ಕೊಡಬಹುದಲ್ಲ ಎಂದು ಕೆಲವರು ಕೇಳಿದಾಗ, ದಿನವೂ ಕೊಟ್ಟರೆ ದಿನವೂ ಒಳ್ಳೆಯ ಯೋಚನೆ ಹುಟ್ಟುತ್ತದೆ ಎಂಬ ಅರ್ಥದಲ್ಲಿ ಉತ್ತರಿಸಿದರು. ಆ ಹೆಂಗಸರ ಬಾಯಿಂದ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತು. ಅದೇ ಇಂದು ತ್ಸು ಚಿ ಎಂಬ ದೊಡ್ಡ ಸೇವಾ ಸಂಸ್ಥೆ. ಹನಿಗೂಡಿ ಹಳ್ಳ ಎಂದು ನಮ್ಮವರು ಹೇಳುವುದೂ ಇದನ್ನೇ.

ಈಗ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ. ನಾವು ನಿಲ್ಲುವುದು ಗುಳೆ ಹೋದವರ ಮನೆಯ ಮುದುಕಿ ಯಾರ ಮುಂದೆಯೂ ನಿಲ್ಲದಿರಲಿ ಎಂದು. ಈ ಒಂದು ಮಾತು ನಿಜವಾಗಿದ್ದರೆ ಡಬ್ಬಿಗೆ ಮಾನವಿದೆ. ಸುಳ್ಳಾದರೆ ಹಿರಿಯರು ಹೇಳಿದ್ದೇ ಸರಿ. ಆದ್ದರಿಂದ ಕಂಬಳಿ ಹಂಚಲು ಅವರನ್ನು ವೇದಿಕೆಗೆ ಕರೆಸಬಾರದು, ಸಾಲಲ್ಲಿ ನಿಲ್ಲಿಸಬಾರದು, ಫೋಟೊ ತೆಗೆದು ಗ್ರೂಪಿಗೆ ಹಾಕಬಾರದು. ನಾವೇ ಅವರ ಮನೆಗೆ ಹೋಗಬೇಕು, ಅವರು ಕೂರು ಎಂದಲ್ಲಿ ಕೂರಬೇಕು, ಕೊಟ್ಟ ನೀರು ಕುಡಿಯಬೇಕು. ನಮ್ಮ ಸ್ವಾಭಿಮಾನ ಉಳಿಸಿಕೊಂಡು ಅವರದನ್ನು ಕಳೆದರೆ ಅದು ದಾನವಲ್ಲ.

ನಿಲ್ಲುವವರಿಗೆ ಕೆಲವು ಸೂಚನೆಗಳು:

ಮೊದಲ ನೋಟು ನಮ್ಮದೇ ಇರಲಿ. 1956ರ ಅಕ್ಟೋಬರ್‌ನಲ್ಲಿ ನಾಗಪುರದ ದೀಕ್ಷೆಯ ಮರುದಿನ ಬಾಬಾಸಾಹೇಬರು ಗಳಿಕೆಯ ಇಪ್ಪತ್ತನೆಯ ಒಂದು ಭಾಗವನ್ನು ಧಮ್ಮದ ಕೆಲಸಕ್ಕೆ ಕೊಡಿ ಎಂದು ಕೇಳಿಕೊಂಡದ್ದು ನೆನಪಿರಲಿ. ತಾನು ಕೊಡದೆ ಕೇಳುವ ಬಾಯಿಗೆ ಬಲವಿಲ್ಲ.

ಅಂಗಡಿಯವರ ಒಪ್ಪಿಗೆ ಪಡೆದು ನಿಲ್ಲಿ. ಬಾಗಿಲಿಗೆ ಅಡ್ಡವಾಗಬೇಡಿ, ಯಾರ ಹಿಂದೆಯೂ ಹೋಗಬೇಡಿ. ಡಬ್ಬಿಯ ಮೇಲೆ ಯಾತಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರಲಿ.

ಡಬ್ಬಿಗೆ ಬೀಗವಿರಲಿ. ಮೂವರ ಎದುರಿಗೆ ತೆಗೆದು ಎಣಿಸಿ, ಅದೇ ರಾತ್ರಿ ಲೆಕ್ಕವನ್ನು ಗ್ರೂಪಿಗೆ ಹಾಕಿ. ಯಾರೊಬ್ಬರ ಸ್ವಂತ ಫೋನಿನ ಕ್ಯೂಆರ್ ಕೋಡ್ ಬೇಡ. ಕೊಟ್ಟವರ ಹೆಸರು, ಮೊತ್ತ ಎಲ್ಲೂ ಓದುವುದು ಬೇಡ.

ನಿಲ್ಲಲು ಆಗದ ಹಿರಿಯರು, ನಿಲ್ಲಲು ಮನಸ್ಸೊಪ್ಪದವರು ಎಣಿಸುವಾಗ ಬನ್ನಿ, ಕಂಬಳಿ ಮುಟ್ಟಿಸುವಾಗ ಬನ್ನಿ. ಯಾರಿಗೂ ಒತ್ತಾಯವಿಲ್ಲ. ಒತ್ತಾಯದಿಂದ ನಿಲ್ಲಿಸಿದರೆ ಹಳೆಯದಕ್ಕೂ ಇದಕ್ಕೂ ಏನು ಫರಕು?

ಇಂದಿನ ಅಭ್ಯಾಸ: ಇವತ್ತು ಯಾರಾದರೂ ನಿಮಗೆ ಏನಾದರೂ ಕೊಟ್ಟರೆ, ಅದು ಎಷ್ಟು ಎಂದು ನೋಡುವ ಮುಂಚೆ ಅವರ ಮುಖ ನೋಡಿ, ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲಿ ಹೇಳಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.