ಚೆಂಡು ಬರುವ ಮೊದಲೇ

ಗಂಡಸರ ಉನ್ನತ ಮಟ್ಟದ ವಾಲಿಬಾಲ್‌ನಲ್ಲಿ ಜೋರಾಗಿ ಬಿದ್ದ ಸ್ಮ್ಯಾಶ್ ಗಂಟೆಗೆ 120 ಕಿ.ಮೀ. ವೇಗವನ್ನು ದಾಟುವುದುಂಟು. ಅಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಬಲೆಯಿಂದ ಹಿಂದಿನ ಗೆರೆಯವರೆಗೆ ಇರುವುದೇ 9 ಮೀಟರ್. ಏಳು ಮೀಟರ್ ಹಿಂದೆ ನಿಂತ ಆಟಗಾರನ ಮುಂಗೈಗೆ ಆ ಚೆಂಡು ಕಾಲು ಸೆಕೆಂಡಿನ ಒಳಗೆ ಬಂದು ಬಡಿಯುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈಕಾಲು ಅಲುಗಾಡಲು ಶುರುವಾಗುವುದಕ್ಕೇ ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಉಳಿದ ಚೂರು ಸಮಯದಲ್ಲಿ ಯಾರೂ ಎರಡು ಹೆಜ್ಜೆ ಓಡಲಾರರು, ಬಾಗಿ ಮುಂಗೈಗಳನ್ನು ಜೋಡಿಸಲಾರರು. ಆದರೂ ಅಂಥ ಚೆಂಡುಗಳನ್ನು ಎತ್ತುವವರಿದ್ದಾರೆ. ಅವರು ನಮಗಿಂತ ಬೇರೆ ನರಮಂಡಲ ಪಡೆದು ಹುಟ್ಟಿದವರಲ್ಲ. ಚೆಂಡಿಗೆ ಏಟು ಬೀಳುವ ಮೊದಲೇ ಅವರ ಅರ್ಧ ಕೆಲಸ ಮುಗಿದಿರುತ್ತದೆ. ನನ್ನ ವಾದವೂ ಇದೇ: ವಾಲಿಬಾಲ್‌ನ ರಕ್ಷಣೆ ಮೊದಲಿಗೆ ನೋಟದ ಅಭ್ಯಾಸ, ಆಮೇಲೆ ಕೈಯ ಕೌಶಲ. ನಮ್ಮ ಶಾಲೆ, ಕಾಲೇಜು, ಊರಿನ ತಂಡಗಳ ತಾಲೀಮಿನ ಬಹುಪಾಲು ಸಮಯ ಎರಡನೆಯದಕ್ಕೇ ಖರ್ಚಾಗುತ್ತದೆ.

ಸಾಮಾನ್ಯ ತಾಲೀಮು ಹೇಗಿರುತ್ತದೆ ನೋಡಿ. ಬಲೆಯ ಆಚೆ ಒಂದು ಮೇಜು ಹಾಕಿ, ಅದರ ಮೇಲೆ ಕೋಚ್ ನಿಂತು, ಒಂದರ ಹಿಂದೆ ಒಂದರಂತೆ ಚೆಂಡು ಹೊಡೆಯುತ್ತಾರೆ. ಸಾಲಿನಲ್ಲಿ ನಿಂತ ಹುಡುಗರು ಒಬ್ಬೊಬ್ಬರಾಗಿ ಮುಂದೆ ಬಂದು ಮುಂಗೈಯಿಂದ ಚೆಂಡು ಎತ್ತಿ ಹಿಂದಕ್ಕೆ ಓಡುತ್ತಾರೆ. ಬೆವರು ಸುರಿಯುತ್ತದೆ, ಮುಂಗೈ ಕೆಂಪಾಗುತ್ತದೆ, ಒಳ್ಳೆಯ ತಾಲೀಮು ಆಯಿತೆಂಬ ತೃಪ್ತಿಯೂ ಸಿಗುತ್ತದೆ. ಆದರೆ ಪಂದ್ಯದಲ್ಲಿ ಯಾರೂ ಮೇಜಿನ ಮೇಲೆ ನಿಂತು ಹೊಡೆಯುವುದಿಲ್ಲ. ಎದುರಾಳಿಯ ಪಾಸ್ ಎಲ್ಲಿಗೆ ಹೋಯಿತು, ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಅದನ್ನು ಬಲೆಗೆ ಹತ್ತಿರ ಎತ್ತಿದನೋ ದೂರವೋ, ಹೊಡೆಯುವವನು ಯಾವ ಕೋನದಲ್ಲಿ ಓಡಿ ಬಂದ, ಅವನ ಭುಜ ಯಾವ ಕಡೆ ತಿರುಗಿತು, ಬಲೆಯ ಬಳಿ ಹಾರಿ ತಡೆಯುವ ನಮ್ಮವರ ಬ್ಲಾಕ್ ಯಾವ ದಾರಿಯನ್ನು ಮುಚ್ಚಿತು ಎಂಬ ಸುಳಿವುಗಳಲ್ಲಿ ಒಂದೂ ಮೇಜಿನ ಮೇಲಿಂದ ಬರುವ ಚೆಂಡಿನಲ್ಲಿ ಇರುವುದಿಲ್ಲ. ಇಬ್ಬರು ಎದುರುಬದುರು ನಿಂತು ಪಾಸ್, ಲಿಫ್ಟ್, ಹೊಡೆತ ಎಂದು ಆಡುವ ಪೆಪ್ಪರ್‌ನಲ್ಲೂ ಇದೇ ಕೊರತೆ. ಮೈ ಬಿಸಿಯಾಗಲು, ಕೈ ಹದಕ್ಕೆ ಬರಲು ಅದು ಚೆನ್ನ. ಆದರೆ ನಡುವೆ ಬಲೆಯಿಲ್ಲ, ಬರುವ ಚೆಂಡಿನ ದಿಕ್ಕಿನಲ್ಲಿ ಅನುಮಾನವೂ ಇಲ್ಲ. ಎಲ್ಲಿಗೆ ಬರುತ್ತದೆಂದು ಗೊತ್ತಿರುವ ಚೆಂಡನ್ನು ನೂರು ಸಲ ಎತ್ತಿದವನು, ಗೊತ್ತಿಲ್ಲದ ಚೆಂಡಿನ ಮುಂದೆ ಮತ್ತೆ ಹೊಸಬನೇ.

ಇದಕ್ಕೆ ಆಧಾರಗಳಿವೆ. ಸರ್ವೀಸ್ ಎತ್ತುವ ಆಟಗಾರರ ಕಣ್ಣಿನ ಚಲನೆಯನ್ನು ಜೋನ್ ವಿಕರ್ಸ್ ಮತ್ತು ಅಡಾಲ್ಫ್ ಎಂಬ ಸಂಶೋಧಕರು ಕೆನಡಾದಲ್ಲಿ ಅಳೆದು 1997ರಲ್ಲಿ ಪ್ರಕಟಿಸಿದರು. ಚೆನ್ನಾಗಿ ಪಾಸ್ ಮಾಡುವವರ ಕಣ್ಣು ಚೆಂಡನ್ನು ಬೇಗ ಹಿಡಿಯುತ್ತಿತ್ತು, ಹೆಚ್ಚು ಹೊತ್ತು ಬಿಡದೆ ಹಿಂಬಾಲಿಸುತ್ತಿತ್ತು. ಅವರ ಕಾಲು ಮಾತ್ರ ಅವಸರಪಡುತ್ತಿರಲಿಲ್ಲ. ಮೊದಲು ನೋಡಿ ಆಮೇಲೆ ಚಲಿಸುವುದು ಅವರ ಕ್ರಮ. ಕಡಿಮೆ ಕುಶಲರಲ್ಲಿ ಕಾಲು ಮೊದಲು, ಕಣ್ಣು ಆಮೇಲೆ. ಇನ್ನೊಂದು ಆಧಾರ ಕ್ರೀಡೆಯ ಹೊರಗಿನದು. ಶೀ ಮತ್ತು ಮಾರ್ಗನ್ 1979ರಲ್ಲಿ ಕೈ ಚಲನೆಯ ಮೂರು ಕ್ರಮಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದೊಂದು ಕ್ರಮವನ್ನೂ ಪೂರ್ತಿ ಮುಗಿಸಿ ಮುಂದಕ್ಕೆ ಹೋಯಿತು, ಇನ್ನೊಂದಕ್ಕೆ ಮೂರೂ ಕಲಸಿ ಬಂದವು. ಕಲಿಯುವಾಗ ಮೊದಲ ಗುಂಪೇ ಚುರುಕಾಗಿ ಕಂಡಿತು. ಸ್ವಲ್ಪ ಸಮಯ ಬಿಟ್ಟು ಪರೀಕ್ಷಿಸಿದಾಗ ಕಲಸಿ ಕಲಿತವರೇ ಮೇಲಾದರು. ಪ್ರಯೋಗಾಲಯದಲ್ಲಿ ಕಂಡಷ್ಟು ಬಲವಾಗಿ ಈ ಪರಿಣಾಮ ಮೈದಾನದಲ್ಲಿ ಯಾವಾಗಲೂ ಕಂಡಿಲ್ಲ, ತೀರ ಹೊಸಬರಿಗೆ ಒಂದೇ ಚಲನೆಯ ಪುನರಾವರ್ತನೆಯೇ ಮೊದಲು ಬೇಕಾಗಬಹುದು. ಅಷ್ಟನ್ನು ಒಪ್ಪಿಕೊಂಡರೂ ಒಂದು ಎಚ್ಚರಿಕೆ ಉಳಿಯುತ್ತದೆ: ತಾಲೀಮಿನಲ್ಲಿ ಸಲೀಸಾಗಿ ಕಂಡದ್ದೆಲ್ಲ ಕಲಿತದ್ದಲ್ಲ.

ಇಲ್ಲಿ ಜಪಾನಿನ ಉದಾಹರಣೆಯನ್ನು ಎತ್ತಿ ಆಕ್ಷೇಪಿಸುವವರಿದ್ದಾರೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಾಲಿಬಾಲ್ ಮೊದಲ ಬಾರಿ ಒಲಿಂಪಿಕ್ಸ್‌ಗೆ ಸೇರಿದ್ದು 1964ರ ಟೋಕಿಯೊದಲ್ಲಿ. ಅಲ್ಲಿ ಬಲಾಢ್ಯ ಸೋವಿಯತ್ ತಂಡವನ್ನು 3-0ರಿಂದ ಸೋಲಿಸಿ ಚಿನ್ನ ಗೆದ್ದ ಜಪಾನ್ ಮಹಿಳೆಯರಲ್ಲಿ ಹೆಚ್ಚಿನವರು ಒಸಾಕಾ ಪ್ರಾಂತ್ಯದ ಕೈಜುಕಾದ ನಿಚಿಬೊ ಬಟ್ಟೆ ಗಿರಣಿಯ ನೌಕರರು. ಹಗಲು ಗಿರಣಿಯ ಕೆಲಸ, ಅದು ಮುಗಿದ ಮೇಲೆ ರಾತ್ರಿ ಬಹಳ ಹೊತ್ತಿನವರೆಗೆ ತಾಲೀಮು. ಕೋಚ್ ಹಿರೊಬುಮಿ ದೈಮತ್ಸು ಒಂದರ ಮೇಲೊಂದು ಚೆಂಡು ಎಸೆಯುತ್ತಿದ್ದರು, ಆಟಗಾರ್ತಿಯರು ನೆಲಕ್ಕೆ ಬಿದ್ದು ಎತ್ತಿ, ಉರುಳಿ, ಮತ್ತೆ ಏಳುತ್ತಿದ್ದರು. ಹಾಗಾದರೆ ಯಾಂತ್ರಿಕ ಪುನರಾವರ್ತನೆಯೇ ಚಿನ್ನ ತಂದಿತಲ್ಲವೇ? ಅವರು ಪುನರಾವರ್ತಿಸಿದ್ದು ಏನನ್ನು ಎಂದು ನೋಡಬೇಕು. ಚೆಂಡಿಗಾಗಿ ಹಾರಿ ಬಿದ್ದವಳು ಭುಜದ ಮೇಲೆ ಉರುಳಿ ಅದೇ ವೇಗದಲ್ಲಿ ಕಾಲ ಮೇಲೆ ನಿಲ್ಲುವ ವಿಧಾನ ಅದು. ಬಿದ್ದವಳು ಮುಂದಿನ ಚೆಂಡಿಗೆ ಇಲ್ಲವಾಗಬಾರದು ಎಂಬ ಒಂದು ನಿಖರ ಸಮಸ್ಯೆಗೆ ಸಿಕ್ಕ ಉತ್ತರ. ನೆಲದ ಭಯ ಮೈಯಿಂದ ಹೋಗಬೇಕಾದರೆ ಸಾವಿರ ಸಲ ಬೀಳಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಭಯ ಇರುವವನ ಕಣ್ಣು ಚೆಂಡಿನ ಬದಲು ನೆಲವನ್ನು ಅಳೆಯುತ್ತದೆ. ಅಷ್ಟರ ಮಟ್ಟಿಗೆ ದೈಮತ್ಸು ದಾರಿ ಸರಿ. ಅವರ ಕಠೋರತೆಯನ್ನು ಆ ಕಾಲದಲ್ಲೇ ಟೀಕಿಸಿದವರಿದ್ದರು. ಹದಿಮೂರು ಹದಿನಾಲ್ಕರ ಮಕ್ಕಳ ಮೇಲೆ ಅದನ್ನು ಪ್ರಯೋಗಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಗಟ್ಟಿ ಮಣ್ಣಿನ ಅಂಕಣದಲ್ಲಂತೂ ಮೊದಲು ಹುಲ್ಲು ಅಥವಾ ಮರಳಿನ ಮೇಲೆ ಬೀಳುವುದನ್ನು ಕಲಿಸಿ, ಮಂಡಿಗೆ ಪಟ್ಟಿ ಕಟ್ಟಿಸಿ, ಆಮೇಲೆ ಅಂಕಣಕ್ಕೆ ಇಳಿಸಬೇಕು.

ನೋಟದ ತಾಲೀಮನ್ನು ಹೇಗೆ ಕಟ್ಟುವುದು? ಮೇಜನ್ನು ತೆಗೆದು ಅಲ್ಲಿ ನಿಜವಾದ ಸೆಟ್ಟರ್, ನಿಜವಾಗಿ ಓಡಿ ಬಂದು ಹೊಡೆಯುವವನನ್ನು ನಿಲ್ಲಿಸುವುದೇ ಮೊದಲ ಕೆಲಸ. ಹೊಡೆತ ದುರ್ಬಲವಾದರೂ ಚಿಂತೆಯಿಲ್ಲ, ಸುಳಿವುಗಳು ನಿಜವಾಗಿರಬೇಕು. ರಕ್ಷಣೆಗೆ ನಿಂತವನ ಕಣ್ಣಿಗೆ ಒಂದು ಕ್ರಮ ಕಲಿಸಬೇಕು: ಎದುರಾಳಿಯ ಪಾಸ್ ಏಳುವಾಗ ಚೆಂಡು, ಆಮೇಲೆ ಸೆಟ್ಟರ್, ಅವನ ಕೈಬಿಟ್ಟ ಕ್ಷಣ ಮತ್ತೆ ಚೆಂಡು, ಕೊನೆಗೆ ಹೊಡೆಯುವವನ ಭುಜ ಮತ್ತು ಮೊಣಕೈ. ಚೆಂಡು ಮೇಲೆ ಹೋಗುತ್ತಿರುವಷ್ಟು ಹೊತ್ತು ಅದನ್ನೇ ದಿಟ್ಟಿಸಿ ನಿಲ್ಲುವುದು ಹೊಸಬರ ದೊಡ್ಡ ತಪ್ಪು. ಮೇಲಿನ ಚೆಂಡು ಏನನ್ನೂ ಮುಚ್ಚಿಡುತ್ತಿಲ್ಲ, ಓಡಿ ಬರುತ್ತಿರುವವನೇ ಎಲ್ಲವನ್ನೂ ಹೇಳುತ್ತಿರುತ್ತಾನೆ. ಸೆಟ್ಟರ್ ಎತ್ತಿಕೊಟ್ಟ ಲಿಫ್ಟ್ ಬಲೆಗೆ ಅಂಟಿದಂತಿದ್ದರೆ ಹೊಡೆತ ಕಡಿದಾಗಿ ಬೀಳಬಹುದು, ಒಂದು ಹೆಜ್ಜೆ ಮುಂದೆ ನಿಲ್ಲಬೇಕು. ಬಲೆಯಿಂದ ದೂರವಿದ್ದರೆ ಚೆಂಡು ಹಿಂದಿನ ಗೆರೆಯ ಕಡೆ ಉದ್ದಕ್ಕೆ ಬರುತ್ತದೆ, ಹಿಂದೆ ಸರಿಯಬೇಕು. ಮೊಣಕೈ ಇದ್ದಕ್ಕಿದ್ದಂತೆ ಇಳಿದು ತೋಳಿನ ವೇಗ ಸತ್ತರೆ ಬ್ಲಾಕಿನ ಹಿಂದೆ ಮೆಲ್ಲಗೆ ಬೀಳಿಸುವ ಟಿಪ್ ಬಂತೆಂದು ತಿಳಿಯಬೇಕು. ಎಷ್ಟೇ ಓದಿದರೂ ಒಂದು ನಿಯಮ ಮುರಿಯಬಾರದು: ಹೊಡೆಯುವವನ ಕೈ ಚೆಂಡಿಗೆ ತಾಗುವ ಕ್ಷಣದಲ್ಲಿ ನಮ್ಮ ಎರಡೂ ಪಾದ ನೆಲದ ಮೇಲೆ ನಿಂತಿರಬೇಕು, ಭಾರ ಪಾದದ ಮುಂಭಾಗದಲ್ಲಿರಬೇಕು. ಸರಿಯಾದ ಜಾಗಕ್ಕೆ ಓಡುತ್ತಿರುವವನಿಗಿಂತ, ಎರಡು ಅಡಿ ತಪ್ಪಾದ ಜಾಗದಲ್ಲಾದರೂ ನಿಂತಿರುವವನು ಹೆಚ್ಚು ಚೆಂಡು ಎತ್ತುತ್ತಾನೆ. ಕೋಚ್ ಅಂಕ ಕೊಡುವುದಾದರೆ ಚೆಂಡು ಎದ್ದಿತೇ ಎಂಬುದಕ್ಕಲ್ಲ, ಆ ಕ್ಷಣದಲ್ಲಿ ಆಟಗಾರ ನಿಂತಿದ್ದನೇ ಎಂಬುದಕ್ಕೆ ಕೊಡಲಿ. ಎದ್ದ ಚೆಂಡೂ ಸೆಟ್ಟರ್ ಕೈಗೇ ಹೋಗಿ ಬೀಳಬೇಕೆಂದೇನಿಲ್ಲ. ಬಲವಾದ ಹೊಡೆತವನ್ನು ಅಂಕಣದ ನಡುವೆ, 3 ಮೀಟರ್ ಗೆರೆಯ ಹಿಂದೆಮುಂದೆ, ಎತ್ತರಕ್ಕೆ ಏಳಿಸಿದರೆ ಸಾಕು, ಉಳಿದ ಐವರಲ್ಲಿ ಯಾರಾದರೂ ಅದರ ಕೆಳಗೆ ಬರುತ್ತಾರೆ.

ರಕ್ಷಣೆಯನ್ನು ಬರೀ ಕಣ್ಣಿನ ವಿಷಯವೆಂದರೆ ಅರ್ಧ ಮಾತ್ರ ಹೇಳಿದಂತೆ. ಇಬ್ಬರ ನಡುವೆ ಬಿದ್ದ ಚೆಂಡನ್ನು ನೋಡಿ. ಇಬ್ಬರಿಗೂ ಎಟಕುತ್ತಿತ್ತು, ಇಬ್ಬರೂ ಇನ್ನೊಬ್ಬ ಎತ್ತುತ್ತಾನೆಂದು ನಿಂತರು. ಕೌಶಲದ ಕೊರತೆಯಿಂದ ಆದದ್ದಲ್ಲ ಅದು. ಮೊದಲೇ ಮಾತಾಡಿಕೊಳ್ಳದ ನಡವಳಿಕೆಯಿಂದ ಆದದ್ದು. ಪ್ರತಿ ಸರ್ವೀಸಿಗೆ ಮುನ್ನ ಪಕ್ಕದವನತ್ತ ತಿರುಗಿ 'ನಡುವಿನದು ನನ್ನದು' ಎಂದು ಬಾಯಿಬಿಟ್ಟು ಹೇಳುವುದು ಸಣ್ಣ ಅಭ್ಯಾಸ. ಚೆಂಡು ನೆಲಕ್ಕೆ ಬಿದ್ದಾಗ ಕೈ ಚೆಲ್ಲಿ ಪಕ್ಕದವನ ಮುಖ ನೋಡುವುದೂ ಅಭ್ಯಾಸವೇ. ನಮ್ಮ ಊರ ಪಂದ್ಯಗಳಲ್ಲಿ ಎರಡನೆಯದು ಹೆಚ್ಚು ಕಾಣುತ್ತದೆ, ಅದನ್ನು ಹುರುಪೆಂದು ತಪ್ಪು ತಿಳಿಯುವವರೂ ಇದ್ದಾರೆ. ತಪ್ಪಿನ ಚರ್ಚೆ ತಲೆಯಲ್ಲಿ ನಡೆಯುತ್ತಿರುವಷ್ಟು ಹೊತ್ತು ಕಣ್ಣು ಮುಂದಿನ ಸುಳಿವಿಗೆ ಕುರುಡು. ಹಾಗಾಗಿ ಕಳೆದ ಪಾಯಿಂಟ್ ಮುಗಿದ ಕೂಡಲೇ ತನ್ನ ಜಾಗಕ್ಕೆ ಮರಳಿ, ಎದುರಾಳಿಯಲ್ಲಿ ಈಗ ಮುಂದಿನ ಸಾಲಿನಲ್ಲಿ ಯಾರಿದ್ದಾರೆ ಎಂದು ಎಣಿಸುವುದನ್ನು ತಾಲೀಮಿನಲ್ಲೇ ಕಡ್ಡಾಯ ಮಾಡಬೇಕು.

ಎತ್ತರ, ಚುರುಕು ಹುಟ್ಟಿನಿಂದ ಬರಬೇಕು, ತಾಲೀಮಿನಿಂದ ಆಗುವುದೆಷ್ಟು ಎನ್ನುವವರಿಗೆ 1998ರಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ಬಂದ ಲಿಬೆರೊ ಸ್ಥಾನವೇ ಉತ್ತರ. ಬ್ಲಾಕ್ ಮಾಡುವಂತಿಲ್ಲದ, ಬಲೆಗಿಂತ ಮೇಲಿನ ಚೆಂಡನ್ನು ಹೊಡೆಯುವಂತಿಲ್ಲದ, ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲೇ ಆಡುವ ಈ ಆಟಗಾರನಿಗೆ ಎತ್ತರದ ಅಗತ್ಯವೇ ಇಲ್ಲ, ನೋಟವೇ ಅವನ ಬಂಡವಾಳ. ಈ ತಾಲೀಮಿನ ಫಲ ಆಟದಾಚೆಗೂ ಸಿಗುತ್ತದೆಯೇ ಎಂದು ಕೇಳುವವರೂ ಇರಬಹುದು. ಆದರೆ ಹೀಗೆ ಮೈದಾನದಲ್ಲಿ ಕಲಿತ ಗಮನ ಪರೀಕ್ಷೆಯಲ್ಲೋ ಕಚೇರಿಯಲ್ಲೋ ತಾನಾಗಿ ಕೆಲಸಕ್ಕೆ ಬರುತ್ತದೆಂದು ಭರವಸೆ ಕೊಡುವುದು ನನಗೆ ಪ್ರಾಮಾಣಿಕವೆನಿಸುವುದಿಲ್ಲ. ಒಂದು ಸಂದರ್ಭದಲ್ಲಿ ಬೆಳೆದ ಕೌಶಲ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ, ಮೇಜಿನ ಮೇಲಿನ ಹೊಡೆತದಿಂದ ಪಂದ್ಯಕ್ಕೇ ದಾಟುವುದಿಲ್ಲವೆಂದು ವಾದಿಸಿದವನು ಅಷ್ಟು ದೂರದ ಜಿಗಿತವನ್ನು ನಂಬಿಸಲಾರ. ದಾಟಿಸಬೇಕೆಂದರೆ ಅಲ್ಲಿಯೂ ಬೇರೆಯಾಗಿ ಅಭ್ಯಾಸ ಮಾಡಬೇಕು. ಆಡುವ ಹುಡುಗ ಹುಡುಗಿಯರಿಗೆ ಒಳ್ಳೆಯ ಆಟವೇ ಸಾಕಷ್ಟು ದೊಡ್ಡ ಫಲ.

ಉಳಿದದ್ದು ಸೌಕರ್ಯದ ಮಾತು. ಶಾಲೆಗೆ ಇರುವುದು ಎರಡು ಚೆಂಡು, ಮಕ್ಕಳು ಇಪ್ಪತ್ತು, ಪಿ.ಟಿ. ಮೇಷ್ಟ್ರು ಒಬ್ಬರೇ, ಇಷ್ಟೆಲ್ಲ ನಡೆಸುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಚೆಂಡು ಎತ್ತುವ ತಾಲೀಮಿಗೆ ಒಬ್ಬೊಬ್ಬರಿಗೂ ಚೆಂಡು ಬೇಕು, ನೋಡುವ ತಾಲೀಮಿಗೆ ಇಪ್ಪತ್ತು ಜನಕ್ಕೆ ಒಂದೇ ಚೆಂಡು ಸಾಕು. ಆರು ಜನ ಆಡಲಿ, ಆರು ಜನ ಎದುರು ಆಡಲಿ. ಹೊರಗೆ ಸರದಿ ಕಾಯುತ್ತಿರುವ ಎಂಟು ಮಕ್ಕಳು ಹಿಂದಿನ ಗೆರೆಯಾಚೆ ಸಾಲಾಗಿ ನಿಂತು, ಹೊಡೆತ ಬೀಳುವ ಮೊದಲೇ 'ನೇರ', 'ಅಡ್ಡ', 'ಟಿಪ್' ಎಂದು ಕೂಗಲಿ. ಯಾರದು ಸರಿಯಾಯಿತೋ ಅವರು ಒಂದು ಹೆಜ್ಜೆ ಮುಂದೆ ಬರಲಿ, ಗೆರೆಯನ್ನು ಮೊದಲು ತಲುಪಿದವರು ಒಳಗೆ ಹೋಗಿ ಆಡಲಿ.