ಅಂದಾಜಿನ ಬಿಗಿ, ಅನ್ಯರ ಪ್ರಾಣ

ಮಾಲೂರಿಗೂ ಬಂಗಾರಪೇಟೆಗೂ ನಡುವೆ ಇರುವ ಟೇಕಲ್ ಬಂಡೆಗಳ ಊರು. ಉಳಿಯ ಮೇಲೆ ಎಷ್ಟು ಬಲದ ಪೆಟ್ಟು ಬೀಳಬೇಕೆಂಬುದನ್ನು ಇಲ್ಲಿನ ಕಲ್ಲುಕುಟಿಗರು ಯಾವ ಮಾಪಕವೂ ಇಲ್ಲದೆ ಬಲ್ಲರು. ಕೈಯ ಈ ಅರಿವನ್ನು ನಾವು ಗೌರವಿಸಲೇಬೇಕು. ಆದರೆ ಅದೇ ಭರವಸೆಯಿಂದ ಮನೆಯಂಗಳದಲ್ಲಿ ಕಾರಿನ ಬ್ರೇಕ್ ಪ್ಯಾಡ್ ಬದಲಿಸಿ, ಬೋಲ್ಟುಗಳನ್ನು ಕೈಯಂದಾಜಿನಲ್ಲೇ ಬಿಗಿದು ಮುಗಿಸಬಹುದೇ?

ಕಲ್ಲು ತನ್ನ ತಪ್ಪನ್ನು ಕೂಡಲೇ ಹೇಳುತ್ತದೆ. ಸದ್ದು ಬದಲಾಗುತ್ತದೆ, ಬಿರುಕು ಕಾಣುತ್ತದೆ. ಬೋಲ್ಟು ಹಾಗಲ್ಲ. ಬಿಗಿದಾಗ ಅದು ಸ್ಪ್ರಿಂಗಿನಂತೆ ತುಸು ಹಿಗ್ಗುತ್ತದೆ. ಆ ಸೆಳೆತವೇ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಬಿಗಿ ಸಾಲದಿದ್ದರೆ ಓಟದ ಅದುರಿಗೆ ಅದು ಸಡಿಲವಾದೀತು. ಹೆಚ್ಚಾದರೆ ಮರೆ ಸವೆದೀತು, ಬೋಲ್ಟೇ ತುಂಡಾದೀತು. ಮರೆಗೆ ಎಣ್ಣೆ ಹಚ್ಚಿದ್ದರಂತೂ ಅಷ್ಟೇ ಬಲಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಕೈಗೆ ಇದೊಂದೂ ತಿಳಿಯದು.

ಆದ್ದರಿಂದಲೇ ತಯಾರಕರು ಪ್ರತಿಯೊಂದು ಬೋಲ್ಟಿಗೂ ಟಾರ್ಕ್ ಎಂಬ ಅಳತೆಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನಮೂದಿಸುತ್ತಾರೆ. 100 ನ್ಯೂಟನ್ ಮೀಟರ್ ಎಂದರೆ ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 20 ಕಿಲೋ ತೂಗುಹಾಕಿದಷ್ಟು ತಿರುಚುಬಲ. ಅನೇಕ ಕಾರುಗಳ ಚಕ್ರದ ನಟ್ಟುಗಳಿಗೆ ಇದರ ಆಸುಪಾಸಿನ ಬಲ ಬೇಕು. ಕ್ಯಾಲಿಪರ್‌ನ ಸಣ್ಣ ಪಿನ್‌ಗಳಿಗೆ ಅದರ ಮೂರನೆಯ ಒಂದು ಪಾಲೂ ಸಾಕಾದೀತು. ಒಂದೇ ಚಕ್ರದೊಳಗೆ ಇಷ್ಟು ಅಂತರವಿರುವಾಗ ಅಂದಾಜನ್ನು ನಂಬುವುದು ಹೇಗೆ?

‘ನನ್ನ ಕಾರು, ನನ್ನ ಇಷ್ಟ’ ಎನ್ನುವವರಿದ್ದಾರೆ. ಆದರೆ ಬ್ರೇಕ್ ಕೈಕೊಟ್ಟರೆ ಅದರ ಬೆಲೆ ತೆರುವವರು ಯಾರು? ಶಾಲೆಯಿಂದ ಮರಳುವ ಮಗು, ಸೈಕಲ್ ತುಳಿಯುವ ಕೂಲಿಯಾಳು. ಆ ಅಪಾಯಕ್ಕೆ ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಅಂಗಡಿಯವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅಕ್ಕಿಯನ್ನು ಕೈಯಂದಾಜಿನಲ್ಲಿ ಕೊಟ್ಟರೆ ನಾವು ಒಪ್ಪುವೆವೇ? ತಕ್ಕಡಿಯಲ್ಲಿ ತೂಗಿಸಿಕೊಳ್ಳುವುದು ಕೊಳ್ಳುವವನ ಹಕ್ಕು. ರಸ್ತೆಯಲ್ಲಿ ನಡೆಯುವವನಿಗೂ ಅಂಥದೇ ಹಕ್ಕಿದೆ. ಸದುದ್ದೇಶ ಅಳತೆಯ ಸ್ಥಾನವನ್ನು ತುಂಬಲಾರದು.

ಟಾರ್ಕ್ ರೆಂಚ್ ದುಬಾರಿ, ಹಣ ಉಳಿಸಲೆಂದೇ ಮನೆಯಲ್ಲಿ ರಿಪೇರಿ ಎಂಬ ಮಾತಿನಲ್ಲೂ ಸತ್ಯವಿದೆ. ಸ್ವಾವಲಂಬನೆ ದೋಷವಲ್ಲ. ಗ್ಯಾರೇಜುಗಳಲ್ಲೂ ಏರ್‌ಗನ್ನಿನಿಂದ ಬಿಗಿದು ಕೈತೊಳೆದುಕೊಳ್ಳುವುದುಂಟು. ಹಾಗಾಗಿ ಪ್ರಶ್ನೆ ರಿಪೇರಿ ಎಲ್ಲಿ ನಡೆಯಿತೆಂಬುದಲ್ಲ, ಅಳೆದು ಮಾಡಿದರೇ ಎಂಬುದು. ನಾಲ್ಕು ಮನೆಯವರು ಸೇರಿ ಒಂದು ರೆಂಚ್ ಕೊಳ್ಳಬಹುದು, ಇದ್ದವರಿಂದ ಎರವಲು ತರಬಹುದು. ಅದೂ ಸಾಧ್ಯವಾಗದಿದ್ದರೆ ಬ್ರೇಕಿನ ಕೆಲಸವನ್ನು ಅಳೆದು ಮಾಡುವವರಿಗೇ ಬಿಡುವುದು ಲೇಸು.

ಚಕ್ರ ಕೂರಿಸಿದ ಮೇಲೆ ಒಳಗಿನ ಬೋಲ್ಟನ್ನು ಯಾರೂ ಇಣುಕಿ ನೋಡುವುದಿಲ್ಲ. ಯಾರೂ ನೋಡದ ಕಡೆ ಅಳತೆಗೆ ಬದ್ಧರಾಗಿರುವುದೇ ನಮ್ಮ ಹೊಣೆಗಾರಿಕೆಗೆ ಸಾಕ್ಷಿ.