ಹರವಿಯ ಮೇಲಿನ ಲೋಟ

ನಮ್ಮ ಶಾಲೆಗಳಲ್ಲಿ ಎದ್ದು ನಿಲ್ಲುವುದಕ್ಕೆ ಎರಡೇ ಅರ್ಥ. ಮೇಷ್ಟ್ರು ಒಳಗೆ ಬಂದಾಗ ನಿಂತರೆ ಅದು ಮರ್ಯಾದೆ. ಮಗ್ಗಿ ತಪ್ಪಿದ್ದಕ್ಕೋ ಕಾಪಿ ಬರೆಯದೆ ಬಂದದ್ದಕ್ಕೋ ಬೆಂಚಿನ ಮೇಲೆ ನಿಂತರೆ ಅದು ಶಿಕ್ಷೆ. ಇನ್ನೊಬ್ಬರ ಪರವಾಗಿ ನಿಲ್ಲುವುದನ್ನು ಯಾವ ಪೀರಿಯಡ್ಡಿನಲ್ಲೂ ಹೇಳಿಕೊಡುವುದಿಲ್ಲ. ನೀತಿಕಥೆಗಳಿವೆ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸುಭಾಷಿತವಿದೆ. ಆದರೆ ಪಕ್ಕದವನಿಗೆ ಅನ್ಯಾಯವಾಗುತ್ತಿರುವ ಗಳಿಗೆಯಲ್ಲಿ ಕಾಲಿಗೆ ಬಲ ಎಲ್ಲಿಂದ ಬರಬೇಕು ಎಂಬುದನ್ನು ಮಕ್ಕಳ ಪಾಲಿಗೇ ಬಿಟ್ಟಿದ್ದೇವೆ. ಧೈರ್ಯವಿದ್ದವರು ನಿಲ್ಲುತ್ತಾರೆ, ಇಲ್ಲದವರು ಕೂರುತ್ತಾರೆ ಎಂದು ನಂಬಿದ್ದೇವೆ. ಈ ನಂಬಿಕೆ ತಪ್ಪು ಎಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ.

ನಾನು ಓದಿದ್ದು ಹಾಸನದ ಕಡೆಯ ಒಂದು ಹಳ್ಳಿಯಲ್ಲಿ. ಐದನೇ ಕ್ಲಾಸಿನ ಮೂಲೆಯಲ್ಲಿ, ಮರಳಿನ ಮೇಲೆ, ಒಂದು ಮಣ್ಣಿನ ಹರವಿ ಇತ್ತು. ಅದಕ್ಕೆ ಹಲಗೆಯ ಮುಚ್ಚಳ, ಮುಚ್ಚಳದ ಮೇಲೆ ಕಂಠ ನೆಗ್ಗಿದ ಅಲ್ಯೂಮಿನಿಯಂ ಲೋಟ. ಬಾಯಾರಿದರೆ ನಾವೇ ಹೋಗಿ ಮೊಗೆದು ಕುಡಿಯುತ್ತಿದ್ದೆವು. ಕೇರಿಯಿಂದ ಬರುತ್ತಿದ್ದ ಮೂವರು ಹುಡುಗರು ಮಾತ್ರ ಬಾಗಿಲ ಹತ್ತಿರ ಬೊಗಸೆಯೊಡ್ಡಿ ನಿಲ್ಲಬೇಕು, ನಮ್ಮಲ್ಲಿ ಯಾರಾದರೂ ಎತ್ತರದಿಂದ ಹೊಯ್ಯಬೇಕು. ನಾನೂ ಎಷ್ಟೋ ಸಲ ಹೊಯ್ದಿದ್ದೇನೆ. ಅವರ ಮೊಣಕೈಯಿಂದ ನೀರು ಸೋರಿ ಚಡ್ಡಿ ಒದ್ದೆಯಾಗುತ್ತಿತ್ತು. ಅದು ಒಳ್ಳೆಯ ಕೆಲಸ ಎಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಹೊಯ್ಯಲಿಲ್ಲ. ಲೋಟವನ್ನೇ ಆ ಮೂವರಲ್ಲಿ ಒಬ್ಬನ ಕೈಗೆ ಕೊಟ್ಟು, ‘ನೀನೇ ತಗೊಂಡು ಕುಡಿ’ ಅಂದಳು. ಅವನು ಹೆದರಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿದರು, ಬೇಡ ಅನ್ನಲಿಲ್ಲ. ಲೋಟ ನೀರಿನಲ್ಲಿ ಮುಳುಗಿದ ಸದ್ದು ಇಡೀ ಕೋಣೆಗೆ ಕೇಳಿಸಿತು. ನಾನು ಸ್ಲೇಟಿನಿಂದ ಕಣ್ಣು ಕೀಳಲಿಲ್ಲ.

ನಾನು ಹೊಯ್ದ ನೀರಿಗೂ ಅವಳು ಕೊಟ್ಟ ಲೋಟಕ್ಕೂ ಇರುವ ದೂರ ಎಷ್ಟೆಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಹೊಯ್ಯುವುದು ಕರುಣೆ. ಅದು ಕಟ್ಟಳೆಯನ್ನು ಮುಟ್ಟುವುದಿಲ್ಲ, ಕಟ್ಟಳೆಯೊಳಗೇ ನಿಂತು ಬಾಯಾರಿಕೆ ತೀರಿಸುತ್ತದೆ. ಅಂಬೇಡ್ಕರರು ತಮ್ಮ ಶಾಲೆಯ ದಿನಗಳನ್ನು ನೆನೆದು ಬರೆದಿದ್ದಾರೆ: ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು, ನೀರನ್ನು ಶಾಲೆಯ ಜವಾನನೇ ಕೊಡಬೇಕಿತ್ತು, ಜವಾನ ಇಲ್ಲದ ದಿನ ನೀರೂ ಇಲ್ಲ. ಆ ಜವಾನ ಕೆಟ್ಟವನಾಗಿರಬೇಕೆಂದೇನಿಲ್ಲ. ಪ್ರೀತಿಯಿಂದಲೇ ಹೊಯ್ದಿರಬಹುದು. ಆದರೂ ಆ ಹುಡುಗನ ಬಾಯಾರಿಕೆ ಇನ್ನೊಬ್ಬರ ಹಾಜರಿಗೆ ಕಟ್ಟುಬಿದ್ದಿತ್ತು.

ಇನ್ನೊಬ್ಬರ ಪರವಾಗಿ ಮಾತಾಡುವುದು ಅವರ ಬಾಯನ್ನೇ ಕಿತ್ತುಕೊಂಡಂತೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹೊಯ್ಯುವವರ ಮಟ್ಟಿಗೆ ಈ ಮಾತು ನಿಜ. ಆದರೆ ಆ ಹುಡುಗಿ ಅವನ ಪರವಾಗಿ ಭಾಷಣ ಮಾಡಲಿಲ್ಲ, ಅವನಿಗಾಗಿ ನೀರನ್ನೂ ಮೊಗೆಯಲಿಲ್ಲ. ತನ್ನ ಕೈಯಲ್ಲಿದ್ದ ಅಧಿಕಾರವನ್ನು ಅವನ ಕೈಗೆ ದಾಟಿಸಿ ಪಕ್ಕಕ್ಕೆ ಸರಿದಳು. ಪರವಾಗಿ ನಿಲ್ಲುವುದೆಂದರೆ ಮುಖ್ಯವಾಗಿ ಇದೇ.

ಕೆಲವೊಮ್ಮೆ ಇಷ್ಟೂ ಬೇಕಾಗುವುದಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ಅಂಬೇಡ್ಕರರನ್ನು ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಲು ಕರೆದ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿದೆ. ಸಹಪಾಠಿಗಳ ಊಟದ ಡಬ್ಬಿಗಳು ಹಲಗೆಯ ಹಿಂದೆ ಇದ್ದವು. ಹುಡುಗ ಹಲಗೆ ಮುಟ್ಟುವ ಮೊದಲೇ ಅವರು ಗದ್ದಲವೆಬ್ಬಿಸಿ ಓಡಿಬಂದು ಡಬ್ಬಿಗಳನ್ನು ಎತ್ತಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಒಂದೇ ಯೋಚನೆ. ಅವರಲ್ಲಿ ಒಬ್ಬನು, ಒಬ್ಬನೇ ಒಬ್ಬನು, ತನ್ನ ಡಬ್ಬಿಯನ್ನು ಅಲ್ಲೇ ಬಿಟ್ಟಿದ್ದರೆ? ಅವನು ಬಾಯಿ ತೆರೆಯಬೇಕಿರಲಿಲ್ಲ, ಏಳಲೂ ಬೇಕಿರಲಿಲ್ಲ. ಎಲ್ಲರೂ ಎದ್ದು ಓಡುವಾಗ ಕೂತಲ್ಲೇ ಕೂತಿದ್ದರೆ ಅಂದು ಅದೇ ನಿಲುವಾಗುತ್ತಿತ್ತು. ಆ ಒಂದು ಡಬ್ಬಿ ಅಲ್ಲಿ ಉಳಿಯದೆ ಹೋಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ಆ ಹುಡುಗರನ್ನಷ್ಟೇ ದೂರುವುದು ನ್ಯಾಯವಲ್ಲ. ಡಬ್ಬಿ ಬಿಟ್ಟವನ ಗತಿ ಏನಾಗುತ್ತಿತ್ತು? ಸಂಜೆ ಮನೆಗೆ ಸುದ್ದಿ ಮುಟ್ಟುತ್ತಿತ್ತು, ಮಾರನೆಯ ದಿನ ಅವನ ಜೊತೆ ಊಟಕ್ಕೆ ಯಾರೂ ಕೂರುತ್ತಿರಲಿಲ್ಲ. ಮಗುವಿನ ಧೈರ್ಯಕ್ಕೆ ಬೆಲೆ ಇದೆ ಅನ್ನುವಾಗ ನಾವು ಹೊಗಳುತ್ತೇವೆಯೇ ಹೊರತು ಆ ಬೆಲೆಯನ್ನು ತೆರುವವರು ಯಾರು ಎಂದು ಕೇಳುವುದಿಲ್ಲ.

ಇಲ್ಲಿ ಚಾಡಿಯ ವಿಷಯ ಬರುತ್ತದೆ. ಶಾಲೆಯಲ್ಲಿ ಮಕ್ಕಳು ತಾವೇ ಕಟ್ಟಿಕೊಂಡ ಮೊದಲ ನೀತಿ ಚಾಡಿ ಹೇಳಬಾರದು ಎಂಬುದು. ಅದರಲ್ಲಿ ಸತ್ಯವಿದೆ. ಚಾಡಿ ಹೇಳುವವನು ಇನ್ನೊಬ್ಬನಿಗೆ ಏಟು ಕೊಡಿಸಿ ತಾನು ಮೇಷ್ಟ್ರ ಹತ್ತಿರ ಒಳ್ಳೆಯವನಾಗುತ್ತಾನೆ. ಆದರೆ ಇದೇ ನೀತಿಯ ಮರೆಯಲ್ಲಿ ದೊಡ್ಡ ಹುಡುಗರು ಚಿಕ್ಕವನ ಬುತ್ತಿ ಕಸಿಯುತ್ತಾರೆ, ಹಾಸ್ಟೆಲಿನಲ್ಲಿ ಹೊಸಬರನ್ನು ಹಿಂಸಿಸುತ್ತಾರೆ, ತೊದಲುವ ಹುಡುಗಿಗೆ ಅಡ್ಡಹೆಸರಿಟ್ಟು ವರ್ಷವಿಡೀ ಅಳಿಸುತ್ತಾರೆ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಹೇಳುವುದಿಲ್ಲ. ಚಾಡಿಯನ್ನೂ ಸಾಕ್ಷಿಯನ್ನೂ ಬೇರೆ ಮಾಡುವುದು ಹೇಗೆ? ಹೇಳಿದ್ದರಿಂದ ಯಾರು ಏನು ಕಳೆದುಕೊಂಡರು ಎಂದು ನೋಡಿದರೆ ಸಾಕು. ಚಾಡಿಯಲ್ಲಿ ಹೇಳಿದವನಿಗೆ ಲಾಭ. ಸಾಕ್ಷಿಯಲ್ಲಿ ಹೇಳಿದವನಿಗೇ ನಷ್ಟ.

ಆ ನಷ್ಟವನ್ನು ಹತ್ತು ವರ್ಷದ ಮಗು ಒಂಟಿಯಾಗಿ ಹೊರಬೇಕು ಎಂದು ಬಯಸುವುದು ಕ್ರೌರ್ಯ. ದೊಡ್ಡವರೂ ಅದನ್ನು ಒಂಟಿಯಾಗಿ ಹೊರಲಾರರು. 1942ರಲ್ಲಿ ನಾಜಿಗಳ ಹಿಡಿತದಲ್ಲಿದ್ದ ನಾರ್ವೆಯಲ್ಲಿ ಕ್ವಿಸ್ಲಿಂಗ್ ಸರ್ಕಾರ ಶಿಕ್ಷಕರೆಲ್ಲ ತನ್ನ ಹೊಸ ಸಂಘಕ್ಕೆ ಸೇರಬೇಕು, ಮಕ್ಕಳಿಗೆ ತನ್ನ ತತ್ವವನ್ನು ಕಲಿಸಬೇಕು ಎಂದು ಕಾನೂನು ಮಾಡಿತು. ಅಲ್ಲಿನ ಬಹುಪಾಲು ಶಿಕ್ಷಕರು ಒಲ್ಲೆವೆಂದು ಪತ್ರ ಬರೆದರು. ಒಕ್ಕಣೆ ಎಲ್ಲರದೂ ಒಂದೇ, ಕೆಳಗೆ ರುಜು ಮಾತ್ರ ಅವರವರದೇ. ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಸುಮಾರು 500 ಮಂದಿಯನ್ನು ಹಡಗಿನಲ್ಲಿ ತುಂಬಿ ಉತ್ತರದ ತುದಿಯ ಕಿರ್ಕೆನೆಸ್‌ಗೆ ಕೂಲಿಗೆ ಕಳಿಸಿದರು. ಆದರೂ ಶಾಲೆಗಳು ಆ ಸರ್ಕಾರದ ಕೈವಶವಾಗಲಿಲ್ಲ. ಅವರೆಲ್ಲರೂ ಹುಟ್ಟಾ ಧೀರರೆಂದು ನಾನು ನಂಬುವುದಿಲ್ಲ. ಪಕ್ಕದ ಊರಿನ ಮೇಷ್ಟ್ರೂ ಅದೇ ಪತ್ರ ಬರೆದಿದ್ದಾರೆ ಎಂಬ ಅರಿವೇ ಅನೇಕರ ಕೈ ಹಿಡಿದು ಬರೆಸಿರಬೇಕು. ಧೈರ್ಯ ಎದೆಯೊಳಗೆ ಹುಟ್ಟುವುದಕ್ಕಿಂತ ಹೆಚ್ಚಾಗಿ ಪಕ್ಕದವರಿಂದ ಬರುತ್ತದೆ.

ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಪಕ್ಕದವರು ದೂರ ಸರಿದರು. ಸ್ವಂತ ಸಮುದಾಯವೇ ಅವರಿಗೆ ಬಹಿಷ್ಕಾರ ಹಾಕಿತು. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಅದರ ಚಕ್ರದ ಧೂಳು ತಮ್ಮ ತಲೆಗೆ ತಾಕಬೇಕು ಎಂಬುದು ಅವರ ಆಸೆಯಾಗಿತ್ತು. ಕಾರಿನಲ್ಲಿ ಕೂರುವುದು ಆ ಮಗು, ಧೂಳು ರಾಯರ ಪಾಲಿಗೆ. ಲೋಟ ಕೊಟ್ಟು ಪಕ್ಕಕ್ಕೆ ಸರಿಯುವುದು ಎಂದೆನಲ್ಲ, ಅದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬದುಕಿ ತೋರಿಸಿಲ್ಲ.

ಇದು ಹಳೆಯ ಕಾಲದ ಮಾತಲ್ಲ. ದಲಿತ ಮಹಿಳೆ ಅಡುಗೆಗೆ ಬಂದಳೆಂದು ಮಕ್ಕಳನ್ನು ಬಿಸಿಯೂಟ ಬಿಡಿಸಿದ, ಶಾಲೆಯನ್ನೇ ಬಿಡಿಸಿದ ಸುದ್ದಿಗಳು ನಮ್ಮ ರಾಜ್ಯದಿಂದಲೇ ಈಗಲೂ ಬರುತ್ತಿವೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕು ಎಂಬ ನಿಯಮ ಬಿಸಿಯೂಟ ಯೋಜನೆಯಲ್ಲಿದೆ. ಊಟ ಸುರಕ್ಷಿತವಾಗಿದೆಯೇ ಎಂದು ತಿಳಿಯಲು ಮಾಡಿದ ನಿಯಮ ಅದು. ಇಂಥ ಊರಿನಲ್ಲಿ ಮೇಷ್ಟ್ರು ಒಂದು ತುತ್ತು ನೋಡಿ ತಟ್ಟೆ ಸರಿಸಿದರೆ ಸಾಲದು. ಮಕ್ಕಳ ಸಾಲಿನಲ್ಲೇ ಕೂತು, ಅನ್ನ ಸಾರು ಕಲಸಿ, ಎರಡನೇ ಸಲ ಬಡಿಸಿಕೊಂಡು ಉಣ್ಣಬೇಕು. ಆಗ ಮನೆಯಲ್ಲಿ ಬೇಡವೆಂದು ಹೇಳಿಸಿಕೊಂಡು ಬಂದ ಮಗುವಿಗೆ ‘ಮೇಷ್ಟ್ರೇ ಉಂಡರು’ ಎಂಬ ಒಂದು ಆಸರೆ ಸಿಗುತ್ತದೆ. ಅನ್ಯಾಯ ಮೊದಲು ಕಾಣುವುದು ಮಗುವಿನ ಕಣ್ಣಿಗೆ, ಅದು ಇನ್ನೂ ಪಳಗಿರುವುದಿಲ್ಲ. ಕಂಡದ್ದಕ್ಕೆ ತಕ್ಕಂತೆ ನಡೆದ ಮಗುವಿನ ಬೆನ್ನಿಗೆ ನಿಲ್ಲುವುದು ಶಿಕ್ಷಕರ ಕೆಲಸ. ಇದನ್ನು ನಾನು ಓದಿ ತಿಳಿದದ್ದಲ್ಲ.

ಲೋಟ ಕೊಟ್ಟ ಮಾರನೆಯ ಬೆಳಿಗ್ಗೆ ಆ ಹುಡುಗಿಯ ಅಪ್ಪ ಶಾಲೆಗೆ ಬಂದರು. ಹೆಗಲ ಮೇಲಿನ ಟವೆಲ್ ಕೈಯಲ್ಲಿತ್ತು, ದನಿ ಏರಿತ್ತು. ‘ಹರವಿ ಮುಟ್ಟಿಸಿದ್ದು ನನ್ನ ಮಗಳೇ ಏನ್ ಮೇಷ್ಟ್ರೇ?’ ಅವಳು ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ಕುರ್ಚಿಯಿಂದ ಎದ್ದರು. ‘ನಾನೇ ಹೇಳಿದ್ದು ಗೌಡ್ರೇ. ಮಗು ನಾನು ಹೇಳಿದಂಗೆ ಮಾಡ್ತು. ಕೇಳೋದಿದ್ರೆ ನನ್ನನ್ನ ಕೇಳಿ’ ಅಂದರು. ಆಮೇಲೆ ಬಾಗಿಲ ಹತ್ತಿರದ ಆ ಹುಡುಗನ ಕಡೆ ತಿರುಗಿ ಒಂದು ಲೋಟ ನೀರು ಕೇಳಿದರು. ಅವನು ಮೊಗೆದು ತಂದ. ಗೌಡರ ಎದುರಿಗೇ, ಲೋಟ ತುಟಿಗೆ ಕಚ್ಚಿ, ಪೂರ್ತಿ ಕುಡಿದರು.

ಮೇಷ್ಟ್ರು ಹಾಗೆ ಹೇಳಿರಲೇ ಇಲ್ಲ ಎಂಬುದು ನಲವತ್ತು ಮಕ್ಕಳಿಗೂ ಗೊತ್ತಿತ್ತು. ಊರಿನಲ್ಲಿ ಎಷ್ಟೋ ದಿನ ವಿಚಾರಿಸಿದರು. ಒಬ್ಬರೂ ಬಾಯಿ ಬಿಡಲಿಲ್ಲ.